ಹೆಬ್ಬಾತು ಶಿಕಾರಿಗೆ ಬೊಂಬೆ, ಪೀಪಿ: ಯಾವುದು ಕೊಳ್ಳಬೇಕು, ಯಾವುದು ಕೈಯಲ್ಲೇ ಮಾಡಬಹುದು?

ಉಳಿಸುತ್ತಿಗೆ_ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರದವನು, ಮರದ ಕೆತ್ತನೆ ನನ್ನ ಕಸುಬು. ಅಕ್ಕನ ಮಗ ಕೆನಡಾದ ಸಸ್ಕಾಚೆವಾನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಹೆಬ್ಬಾತು ಬೇಟೆಗೆ ಸರ್ಕಾರವೇ ಪರವಾನಗಿ ಕೊಡುತ್ತದೆ. ಜೊತೆ ಕೆಲಸದವರ ಸಂಗಡ ಅವನೂ ಹೋದ ವರ್ಷ ಶುರು ಮಾಡಿದ. ಹಾರುವ ಬಾತುಗಳನ್ನು ಹತ್ತಿರ ಕರೆಸಲು ಹೊಲದಲ್ಲಿ ನೆಡುವ ಪ್ಲಾಸ್ಟಿಕ್ ಬಾತಿನ ಬೊಂಬೆ ಮೂರು ಡಜನ್ ಕೊಂಡ, ಬಾತಿನ ಹಾಗೆ ಕೂಗಲು ಊದುವ ಪೀಪಿ ಒಂದು ಕೊಂಡ. ದುಡ್ಡು ಜಾಸ್ತಿಯೇ ಹೋಯಿತು. ಆದರೆ ಬಾತುಗಳು ಅರವತ್ತು ಎಪ್ಪತ್ತು ಮೀಟರ್ ತನಕ ಬಂದು, ಒಂದು ಸುತ್ತು ನೋಡಿ, ವಾಪಸ್ ಹೋಗುತ್ತಿದ್ದವಂತೆ. ಇಡೀ ಸೀಸನ್ನಿನಲ್ಲಿ ಎರಡೇ ಸಿಕ್ಕಿದ್ದು.

ಈಗ ರಜೆಗೆ ಊರಿಗೆ ಬಂದಿದ್ದಾನೆ. ಆಗಸ್ಟ್ ಕೊನೆಗೆ ಹೊರಡುತ್ತಾನೆ, ಅಲ್ಲಿ ಸೆಪ್ಟೆಂಬರಿಗೆ ಬೇಟೆ ಶುರು. "ಮಾವ, ನೀನೇ ಮರದಲ್ಲಿ ಕೆತ್ತಿಕೊಡು" ಅಂತ ದುಂಬಾಲು ಬಿದ್ದಿದ್ದಾನೆ. ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ, ಹೊರಗಿನ ಕೆಲಸ ಇಲ್ಲ. ಮಾಡಬೇಕು ಅಂತ ನನಗೂ ಆಸೆ. ಆದರೆ ನಾನು ದೇವಸ್ಥಾನದ ಬಾಗಿಲಿಗೆ ಹಂಸ ಕೆತ್ತಿದವನು, ಬಾತು ಕೆತ್ತಿದವನಲ್ಲ. ಎಷ್ಟು ಮಾಡಬೇಕು, ಯಾವ ಭಂಗಿ, ಯಾವ ಮರ? ಪೀಪಿಯನ್ನೂ ಮರದಲ್ಲಿ ಮಾಡಬಹುದಾ? ಗೊತ್ತಿದ್ದವರು ಹೇಳಿ.

ರಿಜೈನಾದಲ್ಲಿ_ತೀರ್ಥಹಳ್ಳಿ

ಅಣ್ಣ, ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ನಿಮ್ಮ ಅಳಿಯ ಇರುವ ಪ್ರಾಂತ್ಯದಲ್ಲೇ ಇದ್ದೇನೆ. ಎಂಟು ವರ್ಷದಿಂದ ಬಾತಿನ ಬೇಟೆಗೆ ಹೋಗುತ್ತಿದ್ದೇನೆ. ಉತ್ತರ ಹೇಳುವ ಮೊದಲು ಒಂದು ಕೇಳುತ್ತೇನೆ. ಅವನ ಹತ್ತಿರ ಹೋದ ವರ್ಷದ ಫೋಟೋ ಇದೆಯಾ? ಹೊಲದಲ್ಲಿ ಬೊಂಬೆ ಇಟ್ಟಿದ್ದು? ಅದನ್ನು ನೋಡದೆ ಯಾವುದು ಕೊಳ್ಳಿ ಅಂತ ಹೇಳುವುದು ಸರಿಯಲ್ಲ.

ಉಳಿಸುತ್ತಿಗೆ_ಸಾಗರ

ಇದೆ, ಹಾಕಿದ್ದೇನೆ ನೋಡಿ. ಬಾರ್ಲಿ ಕೊಯ್ದ ಕೂಳೆ ಹೊಲವಂತೆ. ಬೆಳಗಿನ ಜಾವ, ಇಬ್ಬನಿ ಹೆಪ್ಪುಗಟ್ಟಿದೆ. ನನಗೇ ಕಾಣುತ್ತಿದೆ, ಸಾಲು ನಾಟಿ ಹಾಕಿದ ಹಾಗೆ ನೆಟ್ಟಿದ್ದಾನೆ. ಎಲ್ಲವೂ ಕತ್ತು ಎತ್ತಿಕೊಂಡು ಒಂದೇ ಕಡೆ ನೋಡುತ್ತಿವೆ.

ರಿಜೈನಾದಲ್ಲಿ_ತೀರ್ಥಹಳ್ಳಿ

ಅಣ್ಣ, ಉತ್ತರ ನಿಮ್ಮ ಫೋಟೋದಲ್ಲೇ ಇದೆ.

ನಮ್ಮ ಗದ್ದೆ ಉಳುವಾಗ ಬೆಳ್ಳಕ್ಕಿ ಬರುತ್ತವಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಹುಳ ಹೆಕ್ಕುವಾಗ ಎಲ್ಲದರ ತಲೆ ಕೆಳಗೆ. ಒಂದೋ ಎರಡೋ ಮಾತ್ರ ಕತ್ತು ಎತ್ತಿ ನೋಡುತ್ತಿರುತ್ತವೆ. ನಾಯಿ ಬಂದರೆ ಏನಾಗುತ್ತದೆ? ಎಲ್ಲವೂ ಒಟ್ಟಿಗೆ ಕತ್ತು ಎತ್ತುತ್ತವೆ. ಮರುಕ್ಷಣ ಹಾರುತ್ತವೆ. ಹೆಬ್ಬಾತೂ ಹಾಗೆಯೇ. ನಿಮ್ಮ ಅಳಿಯ ಮೂವತ್ತಾರು ಬೊಂಬೆ ಇಟ್ಟು, ಮೂವತ್ತಾರು ಸಲ "ಇಲ್ಲಿ ಅಪಾಯ ಇದೆ" ಅಂತ ಹೇಳಿದ್ದಾನೆ. ಮೇಲಿಂದ ನೋಡುವ ಬಾತು ಅದನ್ನು ನಂಬಿ ಹೊರಟುಹೋಗಿದೆ. ತಪ್ಪು ಬೊಂಬೆಯದಲ್ಲ.

ಆದ್ದರಿಂದ ಎಷ್ಟು ಬೊಂಬೆ ಅನ್ನುವುದು ಆಮೇಲಿನ ಮಾತು. ಹತ್ತು ಬಾತಿದ್ದರೆ ಏಳೆಂಟು ಮೇಯುತ್ತಿರಬೇಕು, ಒಂದು ಕೂತು ಆರಾಮವಾಗಿರಬೇಕು, ಕಾವಲಿಗೆ ಒಂದೇ ಒಂದು ಸಾಕು. ಸೀಸನ್ ಶುರುವಿನಲ್ಲಿ ಬಾತುಗಳು ಅಪ್ಪ, ಅಮ್ಮ, ಮರಿ ಅಂತ ಸಂಸಾರದ ಗುಂಪಾಗಿ ಬರುತ್ತವೆ. ಆಗ ಒಂದೂವರೆ ಡಜನ್ ಧಾರಾಳ. ನಾಲ್ಕು ಇಲ್ಲಿ, ಐದು ಅಲ್ಲಿ, ಎರಡು ಸ್ವಲ್ಪ ದೂರ. ಒಂದಕ್ಕೊಂದು ಎರಡು ಮೂರು ಹೆಜ್ಜೆ ಅಂತರ. ಚಳಿ ಏರಿ ಉತ್ತರದಿಂದ ದೊಡ್ಡ ಹಿಂಡು ಇಳಿದಾಗ ಜಾಸ್ತಿ ಬೊಂಬೆ ಬೇಕಾಗುತ್ತದೆ. ಆಗ ಜೊತೆಗಾರರ ಬೊಂಬೆಗಳೂ ಸೇರುತ್ತವಲ್ಲ.

ಗಾಳಿ ಮರೆಯಬೇಡಿ. ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ. ಕೆಳಗಿರುವ ಬಾತುಗಳ ತಲೆ ಮೇಲೆ ಹಾದು ಇಳಿಯುವುದು ಅದಕ್ಕೆ ಇಷ್ಟ ಇಲ್ಲ. ಹಾಗಾಗಿ ಗಾಳಿ ಬೆನ್ನಿಗೆ ಬರುವ ಹಾಗೆ ನಾವು ಹೊಲದಲ್ಲಿ ಅಡಗಿ ಮಲಗುತ್ತೇವೆ. ಅಕ್ಕಪಕ್ಕ ಎರಡು ತೋಳಿನ ಹಾಗೆ ಬೊಂಬೆ ಚಾಚಿ, ನಮ್ಮ ಎದುರು ಹದಿನೈದು ಇಪ್ಪತ್ತು ಹೆಜ್ಜೆ ಜಾಗ ಖಾಲಿ ಬಿಡುತ್ತೇವೆ. ಇಳಿಯಲು ಬಾಗಿಲು ತೆರೆದಿಟ್ಟ ಹಾಗೆ. ಬೊಂಬೆಗಳ ಮುಖ ಹೆಚ್ಚುಕಡಿಮೆ ಗಾಳಿ ಕಡೆಗೇ ಇರಲಿ, ಆದರೆ ಕವಾಯತು ನಿಂತ ಹಾಗೆ ಬೇಡ.

ಇನ್ನು ಹಿಮ. ಆ ಫೋಟೋದಲ್ಲಿ ಬೊಂಬೆಗಳ ಬೆನ್ನು ಹೊಳೆಯುತ್ತಿದೆ. ನಿಜವಾದ ಬಾತಿನ ಬೆನ್ನು ಹೊಳೆಯುವುದಿಲ್ಲ, ಅದರ ಮೈ ಬಿಸಿಗೆ ಹಿಮ ನಿಲ್ಲುವುದಿಲ್ಲ. ಕೈಯಲ್ಲಿ ಒಂದು ಒರಟು ಬಟ್ಟೆ ಇಟ್ಟುಕೊಂಡು ಬೆಳಕಾಗುವ ಮುಂಚೆ ಒರೆಸಲಿ.

ಹೊಸನಗರದ_ಹಳಬ

ನಮ್ಮ ಅಪ್ಪನ ಕಾಲದಲ್ಲಿ ಶಿಕಾರಿ ಅಂದರೆ ಸೋವು, ನಾಯಿ, ಬಿಲ್ಲಿಗೆ ನಿಲ್ಲುವುದು. ಪ್ರಾಣಿಯನ್ನು ಓಡಿಸಿ ಕೋವಿ ಎದುರಿಗೆ ತರುವುದು. ಇಲ್ಲಿ ಪೂರ್ತಿ ಉಲ್ಟಾ, ಕರೆಸಿಕೊಳ್ಳುವುದು. ಬೆರ್ಚಪ್ಪ ನೆಟ್ಟು ಹಕ್ಕಿ ಓಡಿಸಿದ ನಮಗೆ, ಬೊಂಬೆ ನೆಟ್ಟು ಹಕ್ಕಿ ಕರೆಯುವುದು ಹೊಸದು. ಅಂದ ಹಾಗೆ ಹಳಗನ್ನಡದಲ್ಲಿ ಇದಕ್ಕೆ 'ದೀಹ' ಅನ್ನುವ ಪದ ಇದೆ. ಬೇರೆ ಮೃಗಗಳನ್ನು ಸೆಳೆಯಲು ಪಳಗಿಸಿ ಕಟ್ಟಿದ ಮೃಗ. ಅಂದರೆ ನಮ್ಮವರಿಗೂ ಈ ವಿದ್ಯೆ ಗೊತ್ತಿತ್ತು.

ರಿಜೈನಾದಲ್ಲಿ_ತೀರ್ಥಹಳ್ಳಿ

ಎಂಥ ಒಳ್ಳೆ ಪದ ಕೊಟ್ಟಿರಿ! ಅಮೆರಿಕದಲ್ಲೂ ಮೊದಲು ಜೀವಂತ ಬಾತುಗಳನ್ನೇ ಕಟ್ಟುತ್ತಿದ್ದರು. 1935ರಲ್ಲಿ ಅದನ್ನು ನಿಷೇಧಿಸಿದರು. ಬೊಂಬೆಯ ಚರಿತ್ರೆ ಅದಕ್ಕಿಂತ ಎಷ್ಟೋ ಹಳೆಯದು. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡಿನ ಬಾತುಗಳು ಸಿಕ್ಕವು. ಜೊಂಡು ಮಡಿಸಿ, ಕಟ್ಟಿ, ಬಣ್ಣ ಬಳಿದು, ಗರಿ ಸಿಕ್ಕಿಸಿದ್ದು. ಸುಮಾರು 2,000 ವರ್ಷ ಹಳೆಯವು. ಕೆನಡಾದ ಮೂಲನಿವಾಸಿಗಳಾದ ಕ್ರೀ ಜನ ಇವತ್ತಿಗೂ ಟ್ಯಾಮರಾಕ್ ಮರದ ಸಣ್ಣ ಕಡ್ಡಿಗಳನ್ನು ಕಟ್ಟಿ ಹೆಬ್ಬಾತು ಮಾಡುತ್ತಾರೆ. ನಮ್ಮ ಮೇದಾರರ ಬುಟ್ಟಿ ಕೆಲಸ ನೋಡಿದ ಹಾಗೇ ಇರುತ್ತದೆ.

ಮಂಡಗದ್ದೆ_ಹಕ್ಕಿನೋಟ

ನಡುವೆ ಬರುತ್ತಿದ್ದೇನೆ, ಬೇಸರ ಮಾಡಬೇಡಿ. ಈ ಚರ್ಚೆ ಓದುವ ಹುಡುಗರಿಗೆ ಒಂದು ಮಾತು ಸ್ಪಷ್ಟ ಇರಲಿ. ಇದೆಲ್ಲ ಅಲ್ಲಿನ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಗುಂಡು ಹೊಡೆದರೆ ಮಾತ್ರ ಬೇಟೆ ಅಂತ ಅಲ್ಲ. ಬಲೆ, ಉರುಳು, ಆಮಿಷ, ಹಿಡಿಯಲು ಪ್ರಯತ್ನ ಮಾಡುವುದು, ಮೊಟ್ಟೆ ತೆಗೆಯುವುದು, ಎಲ್ಲವೂ ಅದರಲ್ಲಿ ಬೇಟೆಯೇ. ತೋಟದ ಕೋವಿಗೆ ಲೈಸನ್ಸ್ ಇದೆ ಅಂದರೆ ಹಕ್ಕಿ ಹೊಡೆಯಲು ಲೈಸನ್ಸ್ ಅಂತ ಅರ್ಥ ಅಲ್ಲ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. 2024ರಲ್ಲಿ ಆ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಫೋಟೋಗೆ ಅಂತ ಮೊಬೈಲಿನಲ್ಲಿ ಕೂಗು ಹಾಕುವವರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬೇಡ. ಸಾವಿರಾರು ಕಿಲೋಮೀಟರ್ ಹಾರಿ ದಣಿದು ಬಂದ ಹಕ್ಕಿಯನ್ನು ಸುಮ್ನೆ ಎಬ್ಬಿಸಬಾರದು. ಮಂಡಗದ್ದೆಯಲ್ಲೂ ಅಷ್ಟೇ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆ ಮೇಲೆ ಗೂಡು ಕಟ್ಟಿರುತ್ತವೆ, ದೂರದಿಂದ ನೋಡಿ.

ಇನ್ನೊಂದು ಪ್ರಶ್ನೆ, ಮನಸ್ಸಿನಲ್ಲಿ ಇಟ್ಟುಕೊಳ್ಳಲಾರೆ. ಮೋಸದಿಂದ ಕರೆದು ಹೊಡೆಯುವುದು ಸರಿಯಾ?

ಉಳಿಸುತ್ತಿಗೆ_ಸಾಗರ

ನೀವು ಹೇಳಿದ ಕಾನೂನಿನ ಮಾತು ಪೂರ್ತಿ ಒಪ್ಪಿದೆ. ನಮ್ಮ ಮನೆಯಲ್ಲಿ ಬೆಳ್ಳಕ್ಕಿಗೆ ಕಲ್ಲು ಎಸೆದರೂ ಅಜ್ಜಿ ಬಯ್ಯುತ್ತಿದ್ದರು.

ರಿಜೈನಾದಲ್ಲಿ_ತೀರ್ಥಹಳ್ಳಿ

ಹಕ್ಕಿನೋಟದವರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಬೊಂಬೆ, ಪೀಪಿ ಬೇಕಾಗಿರುವುದೇ ಗಾಯ ಮಾಡಿ ಕಳೆದುಕೊಳ್ಳಬಾರದು ಅಂತ.

ಹಿಂದೆ ಸೀಸದ ಚರೆ ಬಳಸುತ್ತಿದ್ದರು. ನೆಲದಲ್ಲಿ ಬಿದ್ದ ಚರೆಯನ್ನು ಬಾತುಗಳು ಕಲ್ಲುಹರಳು ಅಂತ ನುಂಗಿ, ಸೀಸದ ವಿಷಕ್ಕೆ ಸಾಯುತ್ತಿದ್ದವು. ಅಮೆರಿಕ 1991ರಲ್ಲಿ, ಕೆನಡಾ 1999ರಲ್ಲಿ ನೀರುಹಕ್ಕಿ ಬೇಟೆಗೆ ಸೀಸವನ್ನು ನಿಲ್ಲಿಸಿದವು. ಈಗ ಹೆಚ್ಚಿನವರು ಬಳಸುವುದು ಉಕ್ಕಿನ ಚರೆ. ಅದು ಸೀಸಕ್ಕಿಂತ ಹಗುರ, ದೂರ ಹೋದ ಹಾಗೆ ಬಲ ಬೇಗ ಕಳೆದುಕೊಳ್ಳುತ್ತದೆ. ಅರವತ್ತು ಮೀಟರಿಗೆ ಈಡು ಹಾರಿಸಿದರೆ ಹಕ್ಕಿ ಬೀಳುವುದಿಲ್ಲ, ಗಾಯ ಹೊತ್ತು ಹೋಗಿ ಎಲ್ಲೋ ನರಳಿ ಸಾಯುತ್ತದೆ. ನನ್ನ ಮೊದಲ ವರ್ಷ ನಾನೂ ಹಾಗೆ ಒಂದನ್ನು ಕಳೆದುಕೊಂಡೆ. ಒಂದು ಕಾಲು ಜೋತುಬಿಟ್ಟುಕೊಂಡು ಹಿಂಡಿನ ಹಿಂದೆ ಹಿಂದೆ ಹಾರಿಹೋಯಿತು. ಸಂಜೆ ತನಕ ಆ ದಿಕ್ಕಿನ ಹೊಲವೆಲ್ಲ ಹುಡುಕಿದೆ, ಸಿಗಲಿಲ್ಲ. ಅವತ್ತಿನಿಂದ ಮೂವತ್ತು ಮೀಟರಿನ ಒಳಗೆ ಬಂದು, ರೆಕ್ಕೆ ಅಗಲಿಸಿ, ಕಾಲು ಇಳಿಬಿಟ್ಟರೆ ಮಾತ್ರ ಕೋವಿ ಎತ್ತುತ್ತೇನೆ. ಇಲ್ಲದಿದ್ದರೆ ನೋಡಿ ಬಿಡುತ್ತೇನೆ. ಹತ್ತಿರ ಕರೆಸಲು ಬಾರದವನು ಹೊಡೆಯಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಳಿಯನಿಗೂ ಇದನ್ನು ಹೇಳಿ ಅಣ್ಣ, ಉಳಿದದ್ದು ಹೇಳದಿದ್ದರೂ ಪರವಾಗಿಲ್ಲ.

ಬಿಳಿ ಹೆಬ್ಬಾತುಗಳಂತೂ ಅಲ್ಲಿ ಲೆಕ್ಕಕ್ಕಿಂತ ಜಾಸ್ತಿಯಾಗಿ, ಹಡ್ಸನ್ ಕೊಲ್ಲಿಯ ದಂಡೆಯ ಹುಲ್ಲನ್ನು ಬೇರುಸಮೇತ ಕಿತ್ತು ಬರಡು ಮಾಡಿವೆ. ಅದಕ್ಕೇ ಅವುಗಳಿಗೆ ವಸಂತದಲ್ಲೂ ವಿಶೇಷ ಬೇಟೆ ಬಿಟ್ಟಿದ್ದಾರೆ.

ಮಂಡಗದ್ದೆ_ಹಕ್ಕಿನೋಟ

ನೀವು ಮನಸ್ಸು ಬಿಚ್ಚಿ ಹೇಳಿದಿರಿ, ಸಂತೋಷ. ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಮೂವತ್ತು ಮೀಟರಿನ ಮಾತು ಗೌರವದ ಮಾತು.

ವಾಲಗದಮನೆ_ಸೊರಬ

ಪೀಪಿ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮದು ಮೂರು ತಲೆಮಾರಿನಿಂದ ಮದುವೆ ವಾಲಗ ಊದುವ ಮನೆ. ಅಲ್ಲಿನ ಪೀಪಿಯ ವಿಡಿಯೋ ನೋಡಿದೆ. ಒಳಗೆ ಒಂದು ನಾಲಿಗೆ ಇರುತ್ತದಲ್ಲ, ಅದು ನಡುಗಿ ದನಿ ಬರುತ್ತದೆ. ನಮ್ಮದಕ್ಕೂ ಅದಕ್ಕೂ ಏನು ವ್ಯತ್ಯಾಸ?

ರಿಜೈನಾದಲ್ಲಿ_ತೀರ್ಥಹಳ್ಳಿ

ಅಣ್ಣ, ನಿಮ್ಮಂಥವರೇ ಬೇಕಿತ್ತು. ನಿಮ್ಮದು ಹುಲ್ಲಿನ ಜಾತಿಯ ಗಿಡದ ಜೋಡಿ ನಾಲಿಗೆ. ಬಾತಿನ ಪೀಪಿಯಲ್ಲಿ ತೆಳು ಪ್ಲಾಸ್ಟಿಕ್ಕಿನ ಒಂಟಿ ನಾಲಿಗೆ, ಮೈಲಾರ್ ಅನ್ನುತ್ತಾರೆ. ಅದು ಒಂದು ತೋಡಿನ ಮೇಲೆ ಕೂತಿರುತ್ತದೆ. ಮೆಲ್ಲಗೆ ಊದಿದರೆ ತಗ್ಗು ದನಿ. ಉಸಿರು ಒತ್ತಿದರೆ ಒಂದು ಹಂತದಲ್ಲಿ ದನಿ ಒಡೆದು ಮೇಲಕ್ಕೆ ಹಾರುತ್ತದೆ. ಆ ಒಡೆಯುವ ಜಾಗವೇ ಬಾತಿನ ಕೂಗು. "ಹ" ತಗ್ಗಿನಲ್ಲಿ, "ರೊಂಕ್" ಮೇಲೆ.

ಮೂರು ಬಗೆ ಸಿಗುತ್ತವೆ. ಹಳೆಯದು ದಪ್ಪ ಕೊಳವೆಯದು, ಊದಿದರೆ ಒಂದೇ ದನಿ, ಯಾರು ಬೇಕಾದರೂ ಊದಬಹುದು. ಕೊಳಲಿನ ಹಾಗೆ ಉದ್ದ ಇರುವುದಕ್ಕೆ ಫ್ಲೂಟ್ ಅನ್ನುತ್ತಾರೆ, ಕಲಿಯಲು ಸುಲಭ, ದನಿ ಮೃದು. ಮೂರನೆಯದು ಶಾರ್ಟ್ ರೀಡ್, ಗಿಡ್ಡ. ಇದರಲ್ಲಿ ಮರಿಯ ದನಿಯಿಂದ ಮುದಿ ಗಂಡಿನ ತನಕ ಎಲ್ಲ ಬರುತ್ತದೆ, ಆದರೆ ತಿಂಗಳುಗಟ್ಟಲೆ ಸಾಧನೆ ಬೇಕು. ಅಂಗಡಿಯವರು ಹೊಸಬರ ಕೈಗೆ ಶಾರ್ಟ್ ರೀಡ್ ಕೊಟ್ಟು ಕಳಿಸುತ್ತಾರೆ. ನಿಮ್ಮ ಅಳಿಯನಿಗೂ ಅದೇ ಸಿಕ್ಕಿರಬೇಕು, ಅಲ್ವಾ? ಈ ವರ್ಷಕ್ಕೆ ಫ್ಲೂಟ್ ತಗೊಳ್ಳಲಿ. ಶಾರ್ಟ್ ರೀಡನ್ನು ಕಾರಿನಲ್ಲಿ ಒಬ್ಬನೇ ಇರುವಾಗ ಅಭ್ಯಾಸ ಮಾಡಲಿ.

ವಾಲಗದಮನೆ_ಸೊರಬ

ಹಾಗಾದರೆ ಉಸಿರಿನ ಪಾಠ ಒಂದೇ. ಕೆನ್ನೆ ಉಬ್ಬಿಸಿ ಊದಿದರೆ ದನಿ ಚೆಲ್ಲಾಪಿಲ್ಲಿ. ಹೊಟ್ಟೆಯ ಬುಡದಿಂದ ಉಸಿರು ತಳ್ಳಬೇಕು, ಕನ್ನಡಿ ಮೇಲೆ ಹಬೆ ಹಿಡಿಸುವಾಗ "ಹಾ" ಅನ್ನುತ್ತೇವಲ್ಲ, ಆ ಬಿಸಿ ಉಸಿರು. ನಾಲಿಗೆಯಿಂದ ತಡೆದು ಬಿಡಬೇಕು. ಹುಡುಗನನ್ನು ಒಂದು ಸಲ ನಮ್ಮ ಮನೆಗೆ ಕಳಿಸಿ. ಎರಡು ಗಂಟೆ ಕೂರಿಸಿಕೊಂಡು ಉಸಿರು ಹಿಡಿಯುವುದನ್ನು ಹೇಳಿಕೊಡುತ್ತೇನೆ.

ರಿಜೈನಾದಲ್ಲಿ_ತೀರ್ಥಹಳ್ಳಿ

ಖಂಡಿತ ಕಳಿಸಿ ಅಣ್ಣ, ಇಂಥ ಗುರು ಇಲ್ಲಿ ಸಿಗುವುದಿಲ್ಲ.

ಊದಲು ಕಲಿತ ಮೇಲೆ ಕಲಿಯಬೇಕಾದ್ದು ಸುಮ್ಮನಿರುವುದು. ದೂರದಲ್ಲಿ ಹಿಂಡು ಕಂಡರೆ ಎರಡು ಮೂರು ಗಟ್ಟಿ ಕೂಗು. ಕರಿ ಬಟ್ಟೆಯ ಬಾವುಟ ಎರಡು ಸಲ ಬೀಸಿ ಕೆಳಗಿಳಿಸಿ, ಯಾವುದೋ ಬಾತು ರೆಕ್ಕೆ ಬಡಿದು ಇಳಿದ ಹಾಗೆ ಕಾಣುತ್ತದೆ. ಅವು ನಮ್ಮ ಕಡೆ ಮುಖ ಮಾಡಿ ಬರುತ್ತಿದ್ದರೆ ಪೀಪಿ ಬಾಯಿಂದ ತೆಗೆಯಿರಿ. ಬರುತ್ತಿರುವವರನ್ನು ಯಾಕೆ ಕರೆಯಬೇಕು? ಸುತ್ತು ಹೊಡೆಯುವಾಗ ರೆಕ್ಕೆ ತುದಿ ಅಥವಾ ಬಾಲ ನಮ್ಮ ಕಡೆ ತಿರುಗಿತೋ, ಆಗ ಊದಬೇಕು. ಹತ್ತಿರ ಬಂದ ಮೇಲೆ ಮೇಯುವಾಗಿನ ಗೊಣಗು ಸಾಕು. ನಮ್ಮ ಹಟ್ಟಿಯಲ್ಲಿ ಸಂಜೆ ದನಗಳು ಮೆಲುಕು ಹಾಕುತ್ತಾ ಒಂದು ದನಿ ಹೊರಡಿಸುತ್ತವಲ್ಲ, ಹೊಟ್ಟೆ ತುಂಬಿದ ನೆಮ್ಮದಿಯ ದನಿ, ಅದೇ ಭಾವ.

ಮಷಿನ್ ಕೂಗು, ಅಂದರೆ ರೆಕಾರ್ಡ್ ಮಾಡಿದ ದನಿ, ಬೇಡ ಅಂತ ಹೇಳಿ. ಕೆನಡಾ ಹೆಬ್ಬಾತಿಗೆ ಅದು ಕಾನೂನಿಗೇ ವಿರೋಧ, ಬಿಳಿ ಬಾತಿಗೆ ಮಾತ್ರ ಕೆಲವು ಕಡೆ ಬಿಟ್ಟಿದ್ದಾರೆ. ಹೊಲದವರ ಒಪ್ಪಿಗೆಯನ್ನೂ ಮೊದಲೇ ಕೇಳಲಿ. 2022ರಿಂದ ಸಸ್ಕಾಚೆವಾನ್‌ನಲ್ಲಿ ಅದು ಕಡ್ಡಾಯ.

ಉಳಿಸುತ್ತಿಗೆ_ಸಾಗರ

ಮಾರಾಯ್ರೇ, ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಅಳಿಯನನ್ನು ಪಕ್ಕದಲ್ಲೇ ಕೂರಿಸಿಕೊಂಡು ಓದಿಸಿದೆ. ಈಗ ಮರದ ವಿಷಯ. ಪೂರ್ತಿ ಬಾತು ಕೆತ್ತಿದರೆ ವಿಮಾನದಲ್ಲಿ ಭಾರ ಆಗುತ್ತದೆ. ಬರೀ ತಲೆ, ಕತ್ತು ಕೆತ್ತಿದರೆ ಹೇಗೆ? ಮೈಯನ್ನು ಅಲ್ಲೇ ಪ್ಲೈವುಡ್ಡಿನಲ್ಲಿ ಚಪ್ಪಟೆ ಕೊಯ್ದುಕೊಂಡರಾಯಿತು.

ರಿಜೈನಾದಲ್ಲಿ_ತೀರ್ಥಹಳ್ಳಿ

ಬಹಳ ಚೆನ್ನಾಗಿ ಯೋಚನೆ ಮಾಡಿದ್ದೀರಿ. ಚಪ್ಪಟೆ ಬೊಂಬೆ ಅಲ್ಲಿ ಹಳೆಯ ಪದ್ಧತಿ. ಬಾತು ಸುತ್ತು ಹೊಡೆಯುವಾಗ ಚಪ್ಪಟೆ ಬೊಂಬೆ ಒಂದು ಕೋನದಲ್ಲಿ ಕಾಣುತ್ತದೆ, ಇನ್ನೊಂದು ಕೋನದಲ್ಲಿ ಗೆರೆಯಾಗಿ ಮಾಯವಾಗುತ್ತದೆ. ಮೇಲಿಂದ ಅದಕ್ಕೆ ಹಿಂಡು ಓಡಾಡಿದ ಹಾಗೆ ಅನಿಸುತ್ತದೆ. ಬೇರೆ ಬೇರೆ ಕಡೆಗೆ ತಿರುಗಿಸಿ ನೆಡಬೇಕು ಅಷ್ಟೇ. ದುಡ್ಡಿದ್ದವರು ಪೂರ್ತಿ ಮೈಯ ಬೊಂಬೆ ಕೊಳ್ಳುತ್ತಾರೆ, ಡಜನ್ನಿಗೆ ನೂರಾರು ಡಾಲರ್. ಅದನ್ನು ಸಾಗಿಸಲು ಟ್ರೇಲರ್ ಬೇಕು. ಒಂದರೊಳಗೊಂದು ಕೂರುವ ಚಿಪ್ಪಿನಂಥವೂ ಇವೆ. ಚೀಲದ ಹಾಗೆ ಗಾಳಿ ತುಂಬಿಕೊಂಡು ಆಡುವ ಬಟ್ಟೆಯವು ಬಿಳಿ ಬಾತಿಗೆ ಚೆನ್ನ, ಅದಕ್ಕೆ ನೂರಾರು ಬೇಕು.

ಮರ ಯಾವುದು ತಗೊಳ್ಳುತ್ತೀರಿ?

ಉಳಿಸುತ್ತಿಗೆ_ಸಾಗರ

ಶಿವನೆ. ಹಗುರ, ಉಳಿಗೆ ಬೆಣ್ಣೆಯ ಹಾಗೆ ಸಿಗುತ್ತದೆ, ಒಣಗಿದ ಮೇಲೆ ಸೊಟ್ಟ ಆಗುವುದಿಲ್ಲ. ನಾಲ್ಕು ವರ್ಷದಿಂದ ಅಟ್ಟದಲ್ಲಿ ಒಣಗಿದ ಹಲಗೆ ಇದೆ. ಪೀಪಿಗೆ ಬೀಟೆ ಯೋಚನೆ ಮಾಡಿದ್ದೆ.

ರಿಜೈನಾದಲ್ಲಿ_ತೀರ್ಥಹಳ್ಳಿ

ಬೀಟೆ ಬೇಡ ಅಣ್ಣ. 2017ರಿಂದ ಆ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಯಲ್ಲಿವೆ, ಗಡಿಯಲ್ಲಿ ಹುಡುಗ ತೊಂದರೆಗೆ ಸಿಕ್ಕಬಾರದು. ಹುಣಸೆಯ ಚೇಗು ಗಟ್ಟಿ ಇರುತ್ತದೆ, ಅದರಲ್ಲಿ ಹೊರ ಕೊಳವೆ ಮಾತ್ರ ಮಾಡಿ. ಒಳಗಿನ ನಾಲಿಗೆ, ತೋಡು ಕೊಂಡದ್ದೇ ಇರಲಿ. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ದನಿ ಕೆಡುತ್ತದೆ. ಮರದಲ್ಲಿ ಎಲ್ಲೂ ತೊಗಟೆ ಉಳಿಯಬಾರದು. ಇಳಿದಾಗ ಮರದ ಸಾಮಾನು ಇದೆ ಅಂತ ಬರೆದು ತೋರಿಸಲಿ.

ಇನ್ನೊಂದು, ಹಂಸ ಮರೆತುಬಿಡಿ. ನಿಮ್ಮ ಕೈ ತಾನಾಗೇ ಕತ್ತನ್ನು ಬಳುಕಿಸುತ್ತದೆ. ಕೆನಡಾ ಹೆಬ್ಬಾತಿನ ಕತ್ತು ಕಾವಲು ನಿಂತಾಗ ಕೋಲಿನ ಹಾಗೆ ನೆಟ್ಟಗೆ. ಮೇಯುವಾಗ ಮೈಯಿಂದ ಮುಂದಕ್ಕೆ ಚಾಚಿ ಕೆಳಗೆ ಇಳಿಯುತ್ತದೆ. ಕೂತಾಗ ಕತ್ತು ಮಡಿಸಿ, ತಲೆ ಹೆಗಲ ಮೇಲೆ ಇಟ್ಟ ಹಾಗೆ. ತಲೆ, ಕತ್ತು, ಕೊಕ್ಕು ಎಲ್ಲ ಕಪ್ಪು. ಗಲ್ಲದ ಕೆಳಗಿಂದ ಎರಡೂ ಕೆನ್ನೆಗೆ ಬಿಳಿ ಪಟ್ಟಿ, ಹಲ್ಲುನೋವಿಗೆ ಬಟ್ಟೆ ಕಟ್ಟಿದ ಹಾಗೆ. ಬಣ್ಣ ಹೊಳೆಯಲೇಬಾರದು, ಮೇಲೆ ವಾರ್ನಿಷ್ ಹಾಕಬೇಡಿ.

ಉಳಿಸುತ್ತಿಗೆ_ಸಾಗರ

ನಿಜ ಹೇಳಿದಿರಿ. ಮೊದಲನೆಯ ತಲೆ ಹಂಸವೇ ಆಯಿತು, ಅದನ್ನು ಮಗಳು ಆಟಕ್ಕೆ ಇಟ್ಟುಕೊಂಡಳು. ಹನ್ನೆರಡು ದಿನದಲ್ಲಿ ಹದಿನಾಲ್ಕು ತಲೆ ಮುಗಿಸಿದೆ. ಹತ್ತು ಮೇಯುವವು, ಮೂರು ಕೂತವು, ಒಂದೇ ಒಂದು ಕಾವಲು. ನಿನ್ನೆ ಮಳೆ ಸ್ವಲ್ಪ ಬಿಟ್ಟಿತ್ತು. ಕೋಲಿಗೆ ಸಿಕ್ಕಿಸಿ ಗದ್ದೆ ಬದುವಿನ ಮೇಲೆ ನೆಟ್ಟು, ದೂರದ ದಿಬ್ಬದಿಂದ ನೋಡಿದೆವು. ಕಾವಲಿನದ್ದು ಎದ್ದು ಕಾಣುತ್ತದೆ, ಉಳಿದವು ನಿಜವಾಗಿ ಮೇಯುತ್ತಿವೆ ಅನಿಸಿತು. ಅಳಿಯ ಸೊರಬಕ್ಕೆ ಹೋಗಿ ಬಂದ. ಈಗ ಅವನ ಕೂಗು ಕೇಳಿದರೆ ನಮ್ಮ ನಾಯಿ ಬೊಗಳುವುದಿಲ್ಲ, ಕಿವಿ ನಿಮಿರಿಸಿ ಕೂರುತ್ತದೆ.

ವಾಲಗದಮನೆ_ಸೊರಬ

ಹುಡುಗನಿಗೆ ಒಳ್ಳೆ ಉಸಿರಿದೆ. ಎರಡನೇ ದಿನಕ್ಕೇ ದನಿ ಒಡೆಯುವ ಜಾಗ ಸಿಕ್ಕಿತು.

ಉಳಿಸುತ್ತಿಗೆ_ಸಾಗರ

ಭೂಮಿ ಹುಣ್ಣಿಮೆ ಮುಗಿಯಿತು, ಇವತ್ತು ಅಳಿಯನ ಫೋನ್ ಬಂತು. ಬಟಾಣಿ ಕೊಯ್ದ ಹೊಲದಲ್ಲಿ, ಹೊಲದವರ ಒಪ್ಪಿಗೆ ಪಡೆದು, ಮೂವರು ಮಲಗಿದ್ದರಂತೆ. ಮೈಮೇಲೆಲ್ಲ ಕೂಳೆ ಹೊದ್ದು, ಮುಖ ಎತ್ತದೆ. ಐದರ ಒಂದು ಸಂಸಾರ ಎರಡು ಸುತ್ತು ಹೊಡೆದು, ಖಾಲಿ ಬಿಟ್ಟ ಜಾಗಕ್ಕೇ ಕಾಲು ಚಾಚಿತಂತೆ. ಎರಡನ್ನು ಹೊಡೆದರು, ಎರಡೂ ಅಲ್ಲೇ ಬಿದ್ದವು. ಆಮೇಲೆ ಬಂದ ದೊಡ್ಡ ಹಿಂಡು ದೂರದಲ್ಲೇ ತಿರುಗಿತು, ಅದಕ್ಕೆ ಯಾರೂ ಕೋವಿ ಎತ್ತಲಿಲ್ಲ ಅಂದ. ಅದು ಕೇಳಿ ನನಗೆ ಬಹಳ ಸಂತೋಷವಾಯಿತು.

ಆದರೆ ಮೂರು ಮೇಯುವ ತಲೆಗಳ ಕೊಕ್ಕು ಮುರಿದಿದೆ. ಹೆಪ್ಪುಗಟ್ಟಿದ ನೆಲಕ್ಕೆ ಅದುಮಿ ನೆಡುವಾಗ ಕೊಕ್ಕು ತಾಗಿ, ಬುಡಕ್ಕೇ ಕಡಿದುಹೋಗಿದೆ. ತಪ್ಪು ನನ್ನದೇ ಅಂತ ಫೋಟೋ ನೋಡಿದ ಕೂಡಲೇ ಗೊತ್ತಾಯಿತು. ತಲೆ, ಕತ್ತು ಒಂದೇ ತುಂಡಿನಲ್ಲಿ ಕೆತ್ತಿದ್ದೆ. ಮರದ ಎಳೆ ಕತ್ತಿನ ಉದ್ದಕ್ಕೆ ಹೋಗಿದೆ, ಕೊಕ್ಕಿಗೆ ಅಡ್ಡ ಬಂದಿದೆ. ಅಡ್ಡ ಎಳೆ ಎಲ್ಲಿ ನಿಲ್ಲುತ್ತದೆ?

ರಿಜೈನಾದಲ್ಲಿ_ತೀರ್ಥಹಳ್ಳಿ

ತಲೆ ಬೇರೆ, ಕತ್ತು ಬೇರೆ ಮಾಡಿ ಅಣ್ಣ. ತಲೆಯಲ್ಲಿ ಎಳೆ ಕೊಕ್ಕಿನ ಉದ್ದಕ್ಕೆ ಓಡಲಿ. ಇಲ್ಲಿನ ಹಳೆಯ ಕೆತ್ತನೆಯವರೂ ಹಾಗೇ ಮಾಡುತ್ತಾರೆ. ನೆಡುವ ಮೊದಲು ಕಬ್ಬಿಣದ ಸರಳಿನಿಂದ ತೂತು ಹೊಡೆದುಕೊಳ್ಳಲು ಅಳಿಯನಿಗೆ ನಾನು ಹೇಳುತ್ತೇನೆ, ತಲೆ ಹಿಡಿದು ಅದುಮಬಾರದು.

ಉಳಿಸುತ್ತಿಗೆ_ಸಾಗರ

ಸರಿ. ಕತ್ತಿಗೆ ಶಿವನೆಯೇ ಇರಲಿ. ತಲೆಗೆ ಹಲಸು ಹಾಕಿ, ಬಿದಿರಿನ ಗೂಟದಲ್ಲಿ ಕೂಡಿಸುತ್ತೇನೆ. ನಾಳೆಯೇ ಶುರು.